ಅಪ್‌ಡೇಟ್ ಆದ ಮರುದಿನ ವೈಫೈ ಮಾಯ: ಮದರ್‌ಬೋರ್ಡ್ ಬದಲಿಸುವ ಮೊದಲು

ಪ್ರಶ್ನೆ: ನಾನು ಉಡುಪಿ ಹತ್ತಿರದ ಪರ್ಕಳದವಳು, ಪ್ರೈಮರಿ ಶಾಲೆಯಲ್ಲಿ ಟೀಚರ್. ನನ್ನ ವಿಂಡೋಸ್ 11 ಲ್ಯಾಪ್‌ಟಾಪಿಗೆ ನಾಲ್ಕು ವರ್ಷ ಆಯಿತು. ಕಳೆದ ಬುಧವಾರ ರಾತ್ರಿ ‘ಅಪ್‌ಡೇಟ್ ಆಂಡ್ ಶಟ್ ಡೌನ್’ ಒತ್ತಿ ಮಲಗಿದೆ. ಬೆಳಿಗ್ಗೆ ನೋಡಿದರೆ ವೈಫೈ ಗುರುತು ಇಲ್ಲ, ಅದರ ಜಾಗದಲ್ಲಿ ಗ್ಲೋಬಿನ ಚಿತ್ರ. ಮೊಬೈಲಿನಲ್ಲಿ ಅದೇ ವೈಫೈ ಚೆನ್ನಾಗಿ ಬರುತ್ತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಹೆಸರಿನ ಮೇಲೆ ಹಳದಿ ತ್ರಿಕೋನ, ಒಳಗೆ ‘ಕೋಡ್ 10’ ಅಂತ ಬರೆದಿದೆ. ಆ ರಾತ್ರಿ ಗುಡುಗು ಸಿಡಿಲು ಕೂಡ ಇತ್ತು. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಎಂಟು ಸಾವಿರ ಆಗಬಹುದು ಎಂದರು. ಲ್ಯಾನ್ ಕೇಬಲ್ ಹಾಕುವ ಜಾಗವೂ ಇದರಲ್ಲಿ ಇಲ್ಲ. ಏನು ಮಾಡಲಿ?

ಉತ್ತರ: ಟೀಚರ್, ಆ ಎಂಟು ಸಾವಿರ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ನಿಮ್ಮ ಲ್ಯಾಪ್‌ಟಾಪನ್ನು ನಾನು ಕಣ್ಣಾರೆ ನೋಡಿಲ್ಲ. ಆದರೂ ನೀವು ಬರೆದದ್ದರಲ್ಲಿ ಎರಡು ವಿಷಯ ನೋಡಿದರೆ ಇದು ಮದರ್‌ಬೋರ್ಡಿನ ತಕರಾರು ಅನಿಸುವುದಿಲ್ಲ. ಒಂದು, ಡಿವೈಸ್ ಮ್ಯಾನೇಜರ್‌ನಲ್ಲಿ, ಅಂದರೆ ಕಂಪ್ಯೂಟರಿನ ಭಾಗಗಳ ಪಟ್ಟಿಯಲ್ಲಿ, ವೈಫೈ ಕಾರ್ಡಿನ ಹೆಸರು ಈಗಲೂ ಕಾಣುತ್ತಿದೆ. ಇನ್ನೊಂದು, ಅಲ್ಲಿ ಬಂದಿರುವುದು ಕೋಡ್ 10.

ಕಂಪ್ಯೂಟರ್ ಆನ್ ಆದಾಗ ವಿಂಡೋಸ್ ಹಾಜರಿ ಕೂಗುತ್ತದೆ, ನೀವು ಬೆಳಿಗ್ಗೆ ಕ್ಲಾಸಿನಲ್ಲಿ ಮಾಡಿದ ಹಾಗೇ. ಕ್ಯಾಮೆರಾ, ಸ್ಪೀಕರ್, ಟಚ್‌ಪ್ಯಾಡ್, ವೈಫೈ ಕಾರ್ಡ್ ಎಲ್ಲವೂ ತಮ್ಮ ನಂಬರ್ ಹೇಳಬೇಕು. ಯಾರು ನಂಬರ್ ಹೇಳಿದರೋ ಅವರಿಗೆ ಹೊಂದುವ ಡ್ರೈವರನ್ನು ವಿಂಡೋಸ್ ಹುಡುಕಿ ಕೊಡುತ್ತದೆ. ಡ್ರೈವರ್ ಅಂದರೆ ಆ ಕಾರ್ಡಿನ ಭಾಷೆ ಗೊತ್ತಿರುವ ಒಂದು ಸಾಫ್ಟ್‌ವೇರ್. ಕೋಡ್ 10 ಅಂದರೆ ಮಗು ಶಾಲೆಗೆ ಬಂದಿದೆ, ‘ಹಾಜರ್’ ಅಂತಲೂ ಹೇಳಿದೆ, ಆದರೆ ಪುಸ್ತಕ ಕೊಟ್ಟರೆ ಬರೆಯಲು ಶುರು ಮಾಡುತ್ತಿಲ್ಲ. ಮಗುವೇ ಬಾರದಿದ್ದರೆ ಆ ಹೆಸರು ಪಟ್ಟಿಯಲ್ಲೇ ಇರುತ್ತಿರಲಿಲ್ಲ. ‘ವ್ಯೂ’ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿದಾಗ ಮಾತ್ರ ಮಸುಕಾಗಿ ಕಾಣುತ್ತಿತ್ತು, ಒಳಗೆ ಕೋಡ್ 45 ಇರುತ್ತಿತ್ತು. ನಿಮಗೆ ಆ ಮೆನುವಿಗೆ ಹೋಗದೆಯೇ ಹೆಸರು ಕಂಡಿದೆ ಅಲ್ವಾ? ಹಾಗಾದರೆ ಕಾರ್ಡು ಮದರ್‌ಬೋರ್ಡಿನ ಜೊತೆ ಮಾತಾಡುತ್ತಿದೆ.

ಬೇರೆ ಓದುಗರಿಗೆ ಬೇರೆ ನಂಬರ್ ಕಾಣಬಹುದು. ಕೋಡ್ 22 ಇದ್ದರೆ ಯಾರೋ ಅದನ್ನು ಡಿಸೇಬಲ್ ಮಾಡಿದ್ದಾರೆ, ಬಲ ಕ್ಲಿಕ್ ಮಾಡಿ ‘ಎನೇಬಲ್’ ಅಂದರೆ ಮುಗಿಯಿತು. ಕೋಡ್ 28 ಅಂದರೆ ಡ್ರೈವರೇ ಇಲ್ಲ. ಕೋಡ್ 43 ಬಂದರೆ ಮಾತ್ರ ನನಗೆ ಸ್ವಲ್ಪ ಅನುಮಾನ ಶುರುವಾಗುತ್ತದೆ, ಯಾಕೆಂದರೆ ಅಲ್ಲಿ ‘ನನಗೆ ತೊಂದರೆ ಇದೆ’ ಎಂಬ ದೂರು ಬಂದಿರುವುದು ಕಾರ್ಡಿನ ಕಡೆಯಿಂದಲೇ.

ಸಿಡಿಲಿನ ಮಾತಿಗೆ ಬರೋಣ. ನಮ್ಮ ಕರಾವಳಿಯಲ್ಲಿ ಇದು ಸುಮ್ನೆ ಹುಟ್ಟಿದ ಅನುಮಾನ ಅಲ್ಲ. ಏಪ್ರಿಲ್-ಮೇ ತಿಂಗಳಿನ ಸಂಜೆ ಮಳೆಯಲ್ಲಿ, ಮತ್ತೆ ಅಕ್ಟೋಬರ್ ಹೊತ್ತಿಗೆ, ಸುಟ್ಟ ರೌಟರ್ ಹಿಡಿದುಕೊಂಡು ಬರುವವರು ನನ್ನ ಮೇಜಿನ ಮುಂದೆ ಸಾಲಾಗಿ ನಿಂತಿರುತ್ತಾರೆ. ಆದರೆ ಸಿಡಿಲು ಒಳಗೆ ಬರುವುದು ಹೆಚ್ಚಾಗಿ ವೈರಿನ ಮೂಲಕ: ಕರೆಂಟಿನ ವೈರ್, ಹಳೆಯ ಟೆಲಿಫೋನ್ ವೈರ್, ಲ್ಯಾನ್ ಕೇಬಲ್. ನಿಮ್ಮ ಲ್ಯಾಪ್‌ಟಾಪಿಗೆ ಲ್ಯಾನ್ ಇಲ್ಲ. ಚಾರ್ಜರ್ ಮೂಲಕ ಬಂದಿದ್ದರೆ ಮೊದಲು ಚಾರ್ಜರ್ ಸಾಯುತ್ತಿತ್ತು, ಆಮೇಲೆ ಚಾರ್ಜಿಂಗ್ ಭಾಗ. ಅದನ್ನೆಲ್ಲ ದಾಟಿ ಬಂದು ವೈಫೈ ಕಾರ್ಡನ್ನು ಮಾತ್ರ ಮುಟ್ಟುವುದು ಬಹಳ ಅಪರೂಪ. ಮೊಬೈಲಿಗೆ ವೈಫೈ ಬರುತ್ತಿದೆ ಅಂದಮೇಲೆ ರೌಟರ್ ಕೂಡ ಕ್ಷೇಮವಾಗಿದೆ. ಸಿಡಿಲು ಮತ್ತು ಅಪ್‌ಡೇಟ್ ಒಂದೇ ರಾತ್ರಿ ಬಂದವು, ಅಷ್ಟೇ.

ಬುಧವಾರ ಅಂದಿರಲ್ಲ, ಅದೂ ಒಂದು ಸುಳಿವು. ಮೈಕ್ರೋಸಾಫ್ಟ್ ತನ್ನ ತಿಂಗಳ ದೊಡ್ಡ ಅಪ್‌ಡೇಟನ್ನು ಬಿಡುವುದು ಎರಡನೇ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ ಹತ್ತು ಗಂಟೆಗೆ. ನಮಗೆ ಅದು ಮಂಗಳವಾರ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಹಾಗಾಗಿ ನನ್ನ ಫೋನ್ ಜಾಸ್ತಿ ಬಡಿದುಕೊಳ್ಳುವುದು ಆ ವಾರದ ಬುಧವಾರ, ಗುರುವಾರ.

ರಿಪೇರಿಗೆ ಮೊದಲು ಲ್ಯಾಪ್‌ಟಾಪಿಗೆ ಇಂಟರ್ನೆಟ್ ಬೇಕು. ಇಲ್ಲೇ ಹೆಚ್ಚಿನವರು ಸೋತು ಅಂಗಡಿಗೆ ಹೋಗುವುದು. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು! ಇದಕ್ಕೆ ನಿಮ್ಮ ಮೊಬೈಲೇ ಸಾಕು. ಮೊಬೈಲಿನ ವೈಫೈ ಆನ್ ಇರಲಿ. ಯುಎಸ್‌ಬಿ ಕೇಬಲಿನಿಂದ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಜಾಗಕ್ಕೆ ಹೋಗಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಅರ್ಧ ನಿಮಿಷದಲ್ಲಿ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಬರುತ್ತದೆ, ಲ್ಯಾನ್ ಕೇಬಲ್ ಹಾಕಿದ ಹಾಗೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳು ಮನೆಯ ವೈಫೈಯನ್ನೇ ಕೇಬಲಿನಲ್ಲಿ ದಾಟಿಸುತ್ತವೆ, ಹಾಗಾಗಿ ಸಿಮ್ಮಿನ ಡೇಟಾ ಖರ್ಚಾಗುವುದಿಲ್ಲ. ‘ಟೆದರಿಂಗ್’ ಬಟನ್ ಮಸುಕಾಗಿದ್ದರೆ ತೊಂದರೆ ಹೆಚ್ಚಾಗಿ ಕೇಬಲಿನದ್ದು. ಕೆಲವು ಅಗ್ಗದ ಕೇಬಲಿನಲ್ಲಿ ಚಾರ್ಜ್ ಮಾಡುವ ತಂತಿ ಮಾತ್ರ ಇರುತ್ತದೆ, ಡೇಟಾದ ತಂತಿ ಇರುವುದಿಲ್ಲ. ಫೋನಿನ ಜೊತೆ ಪೆಟ್ಟಿಗೆಯಲ್ಲಿ ಬಂದ ಕೇಬಲ್ ಹಾಕಿ ನೋಡಿ.

ನಾಳೆಯ ಕೆಲಸಕ್ಕೆ ಇಷ್ಟೇ ಸಾಕಾಗಬಹುದು. ಉಳಿದದ್ದನ್ನು ಭಾನುವಾರ ಪುರುಸೊತ್ತಿನಲ್ಲಿ ಮಾಡಿ.

ಈಗ ಮೊದಲ ಮದ್ದು. ಹೇಳಿದರೆ ಜನ ನಗುತ್ತಾರೆ, ಆದರೆ ಕೋಡ್ 10ಕ್ಕೆ ನಾನು ಮೊದಲು ಮಾಡುವುದು ಇದನ್ನೇ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಬೇಕು. ಸುಮ್ನೆ ಶಟ್ ಡೌನ್ ಒತ್ತಿದರೆ ಸಾಲದು. ವಿಂಡೋಸ್ 8 ಬಂದಾಗಿನಿಂದ, ಅಂದರೆ 2012ರಿಂದ, ‘ಫಾಸ್ಟ್ ಸ್ಟಾರ್ಟಪ್’ ಎಂಬ ಒಂದು ಏರ್ಪಾಡು ಇದೆ. ಅದು ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ಸಿಸ್ಟಮಿನ ಒಳಭಾಗ ಮತ್ತು ಡ್ರೈವರ್‌ಗಳ ಆಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ. ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬೇಗ ಏಳುತ್ತದೆ. ರಾತ್ರಿ ಕೆಟ್ಟದ್ದು ಬೆಳಿಗ್ಗೆ ಹಾಗೇ ಎದ್ದು ಬರುತ್ತದೆ, ನಿನ್ನೆಯ ಹಿಟ್ಟನ್ನು ಫ್ರಿಜ್‌ನಿಂದ ತೆಗೆದು ದೋಸೆ ಹೊಯ್ದ ಹಾಗೆ. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಶಟ್ ಡೌನ್ ಕ್ಲಿಕ್ ಮಾಡಿದರೆ ಆ ಆಟ ನಡೆಯುವುದಿಲ್ಲ, ಪೂರ್ತಿ ಆಫ್ ಆಗುತ್ತದೆ. ರೀಸ್ಟಾರ್ಟ್ ಒತ್ತಿದರೂ ವಿಂಡೋಸ್ ಹೊಸದಾಗಿಯೇ ಶುರುವಾಗುತ್ತದೆ. ಆದರೆ ನಮಗೆ ಈಗ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು.

ಶಿಫ್ಟ್ ಹಿಡಿದು ಆಫ್ ಮಾಡಿದ ಮೇಲೆ ಚಾರ್ಜರ್ ತೆಗೆಯಿರಿ. ಮೌಸ್, ಪೆನ್ ಡ್ರೈವ್ ಎಲ್ಲ ತೆಗೆಯಿರಿ. ಬ್ಯಾಟರಿ ಕೈಯಲ್ಲೇ ಬಿಚ್ಚುವ ಹಾಗಿದ್ದರೆ ಅದನ್ನೂ ತೆಗೆಯಿರಿ. ನಂತರ ಪವರ್ ಬಟನನ್ನು ಒಂದರಿಂದ ನಲವತ್ತು ಎಣಿಸುವ ತನಕ ಒತ್ತಿ ಹಿಡಿಯಿರಿ. ಬಿಡಿ. ಎರಡು ನಿಮಿಷ ಬಿಟ್ಟು ಚಾರ್ಜರ್ ಹಾಕಿ ಆನ್ ಮಾಡಿ.

ಇದು ಮಂತ್ರ ಅಲ್ಲ. ವೈಫೈ ಕಾರ್ಡಿನೊಳಗೆ ಅದರದ್ದೇ ಒಂದು ಪುಟ್ಟ ಪ್ರೊಸೆಸರ್ ಇದೆ. ಪ್ರತಿ ಸಲ ಶುರುವಾಗುವಾಗ ಡ್ರೈವರ್ ಅದಕ್ಕೆ ಫರ್ಮ್‌ವೇರ್ ಎಂಬ ಪ್ರೋಗ್ರಾಮನ್ನು ತುಂಬಿಸುತ್ತದೆ. ಅಪ್‌ಡೇಟ್ ಹೊತ್ತಿನಲ್ಲಿ ಹಳೆಯ ಡ್ರೈವರ್ ಹೋಗಿ ಹೊಸದು ಬರುವಾಗ ಆ ಪುಟ್ಟ ಪ್ರೊಸೆಸರ್ ನಡುವೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಆಫ್ ಇದ್ದರೂ ಕಾರ್ಡಿಗೆ ಸ್ವಲ್ಪ ಕರೆಂಟ್ ಹೋಗುತ್ತಲೇ ಇರಬಹುದು, ಹಾಗಾಗಿ ಅದಕ್ಕೆ ನಿಜವಾದ ನಿದ್ದೆಯೂ ಇಲ್ಲ, ನಿಜವಾದ ಎಚ್ಚರವೂ ಇಲ್ಲ. ಪವರ್ ಬಟನ್ ಹಿಡಿದಾಗ ಉಳಿದ ಕರೆಂಟೂ ಖಾಲಿಯಾಗಿ ಅದು ಮರೆಯಬೇಕಾದ್ದನ್ನು ಮರೆಯುತ್ತದೆ. ಕೆಲವು ಲ್ಯಾಪ್‌ಟಾಪಿನ ಅಡಿಯಲ್ಲಿ ಇದಕ್ಕೆಂದೇ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಬಯಾಸ್ ಒಳಗೆ, ಅಂದರೆ ವಿಂಡೋಸಿಗೂ ಮೊದಲು ತೆರೆಯುವ ಸೆಟ್ಟಿಂಗಿನ ಪುಟದಲ್ಲಿ, ಬ್ಯಾಟರಿಯನ್ನು ಸ್ವಲ್ಪ ಹೊತ್ತು ಕಡಿದಿಡುವ ಆಯ್ಕೆಯೂ ಉಂಟು.

ಗ್ಲೋಬ್ ಹೋಗಿ ವೈಫೈ ಗುರುತು ಬಂದರೆ ಸಮ ಆಯಿತು. ಒಂದು ವಾರ ನೋಡಿ. ಮತ್ತೆ ಮತ್ತೆ ಹೋಗುತ್ತಿದ್ದರೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಬಿಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಪುಟದಲ್ಲಿ ಅದು ಇದೆ. ಈಗಿನ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿನಲ್ಲಿ ಅದರಿಂದ ಉಳಿಯುವುದು ಕೆಲವೇ ಸೆಕೆಂಡ್. ನನ್ನ ಮನೆಯ ಯಾವ ಕಂಪ್ಯೂಟರಿನಲ್ಲೂ ನಾನು ಅದನ್ನು ಆನ್ ಇಟ್ಟಿಲ್ಲ.

ಹಳದಿ ತ್ರಿಕೋನ ಹಾಗೇ ಇದ್ದರೆ ಡ್ರೈವರಿಗೆ ಬರೋಣ. ಮೊದಲು ಕಳ್ಳನನ್ನು ಗುರುತು ಹಿಡಿಯಿರಿ. ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ. ಅಲ್ಲಿ ‘ಡ್ರೈವರ್ ಅಪ್‌ಡೇಟ್ಸ್’ ಎಂಬ ಬೇರೆಯೇ ಸಾಲು ಇರುತ್ತದೆ. ಬಿಡಿಸಿ ನೋಡಿ. ಇಂಟೆಲ್, ರಿಯಲ್‌ಟೆಕ್, ಕ್ವಾಲ್‌ಕಾಮ್, ಮೀಡಿಯಾಟೆಕ್ ಇವುಗಳಲ್ಲಿ ಒಂದು ಹೆಸರು, ಜೊತೆಗೆ ‘ನೆಟ್’ ಎಂಬ ಪದ, ಆ ಬುಧವಾರದ ತಾರೀಕು ಕಂಡರೆ ಬೇರೆ ಸಾಕ್ಷಿ ಬೇಡ. ವಿಂಡೋಸ್ ತಾನಾಗಿಯೇ ನಿಮ್ಮ ವೈಫೈ ಡ್ರೈವರ್ ಬದಲಿಸಿದೆ.

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ವೈಫೈ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಡ್ರೈವರ್’ ಪುಟಕ್ಕೆ ಹೋಗಿ. ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಬಟನ್ ಒತ್ತಲು ಬಂದರೆ ಒತ್ತಿ, ಕಾರಣ ಕೇಳಿದರೆ ಯಾವುದಾದರೂ ಒಂದನ್ನು ಆರಿಸಿ, ರೀಸ್ಟಾರ್ಟ್ ಮಾಡಿ.

ಆದರೆ ಎಷ್ಟೋ ಸಲ ಆ ಬಟನ್ ಮಸುಕಾಗಿರುತ್ತದೆ. ‘ಹಳೆಯದು ಇಲ್ಲ’ ಎಂದುಕೊಂಡು ಅಲ್ಲಿಗೇ ಬಿಡಬೇಡಿ. ಅದೇ ಪುಟದಲ್ಲಿ ‘ಅಪ್‌ಡೇಟ್ ಡ್ರೈವರ್’ ಒತ್ತಿ. ಎರಡು ದಾರಿ ಕೇಳುತ್ತದೆ. ಎರಡನೆಯದು, ‘ಬ್ರೌಸ್ ಮೈ ಕಂಪ್ಯೂಟರ್’. ಅದರೊಳಗೆ ಕೆಳಗಡೆ ‘ಲೆಟ್ ಮಿ ಪಿಕ್’ ಎಂದು ಶುರುವಾಗುವ ಸಾಲು ಇದೆ. ಅದನ್ನು ಒತ್ತಿದರೆ ಈ ಕಾರ್ಡಿಗೆ ಹೊಂದುವ, ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಎಲ್ಲ ಡ್ರೈವರ್‌ಗಳ ಪಟ್ಟಿ ಬರುತ್ತದೆ. ಒಂದೇ ಹೆಸರು ಎರಡು ಮೂರು ಸಲ ಇರುತ್ತದೆ, ಪಕ್ಕದಲ್ಲಿ ನಂಬರ್ ಬೇರೆ ಬೇರೆ. ವಿಂಡೋಸ್ ಹಳೆಯ ಡ್ರೈವರನ್ನು ಸುಲಭಕ್ಕೆ ಬಿಸಾಡುವುದಿಲ್ಲ, ನಮ್ಮ ಅಜ್ಜಿಯರು ಖಾಲಿ ಡಬ್ಬಿ ಅಟ್ಟದಲ್ಲಿ ಇಟ್ಟ ಹಾಗೆ ಒಂದು ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತದೆ. ಈಗ ಇರುವುದಕ್ಕಿಂತ ಕಡಿಮೆ ನಂಬರಿನದ್ದನ್ನು ಆರಿಸಿ ‘ನೆಕ್ಸ್ಟ್’ ಒತ್ತಿ. ನಾನು ಸರಿಮಾಡಿದ ಕೋಡ್ 10ಗಳಲ್ಲಿ ಬಹಳಷ್ಟು ಮುಗಿದದ್ದು ಈ ಪಟ್ಟಿಯಲ್ಲಿ. ಆದರೂ ಇದು ಗೊತ್ತಿರುವವರು ಕಡಿಮೆ.

ಡ್ರೈವರ್ ಪುಟದಲ್ಲಿ ಕೆಲವು ಕಡೆ 2006ರ ಜೂನ್ 21 ಎಂಬ ತಾರೀಕು ಕಂಡು ‘ಅಯ್ಯೋ, ಇಷ್ಟು ಹಳೆಯದಾ’ ಎಂದು ಗಾಬರಿ ಆಗಬೇಡಿ. ವಿಂಡೋಸ್ ಜೊತೆ ಬರುವ ಎಷ್ಟೋ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಬೇಕೆಂದೇ ಆ ತಾರೀಕು ಹಾಕುತ್ತದೆ. ಕಾರ್ಡು ಮಾಡಿದ ಕಂಪನಿಯ ಡ್ರೈವರ್ ಇದ್ದರೆ ಅದೇ ಹೊಸದಾಗಿ ಕಂಡು ಗೆಲ್ಲಲಿ ಎಂಬ ಲೆಕ್ಕ ಅದು. ಹಾಗಾಗಿ ತಾರೀಕಿಗಿಂತ ವರ್ಷನ್ ನಂಬರ್ ನೋಡುವುದು ಮೇಲು.

ಪಟ್ಟಿಯಲ್ಲಿ ಒಂದೇ ಒಂದು ಇದ್ದರೆ ಹೊರಗಿನಿಂದ ತರಬೇಕು. ಕಾರ್ಡು ಯಾವುದು ಎಂದು ಗೊತ್ತಿಲ್ಲದಿದ್ದರೆ ಅದೇ ಕಿಟಕಿಯ ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡೀಸ್’ ಆರಿಸಿ. ವಿ-ಇ-ಎನ್ ಎಂಬ ಮೂರು ಅಕ್ಷರದ ಮುಂದೆ ನಾಲ್ಕು ಅಂಕಿ-ಅಕ್ಷರ ಇರುತ್ತದೆ. ಅದು ಕಂಪನಿಯ ಗುರುತು. 8086 ಇದ್ದರೆ ಇಂಟೆಲ್. 10ಇಸಿ ಇದ್ದರೆ ರಿಯಲ್‌ಟೆಕ್. 14ಸಿ3 ಮೀಡಿಯಾಟೆಕ್, 168ಸಿ ಕ್ವಾಲ್‌ಕಾಮ್ ಕೊಂಡುಕೊಂಡ ಅಥೆರಾಸ್, 14ಇ4 ಬ್ರಾಡ್‌ಕಾಮ್. ಡ್ರೈವರ್ ಇಳಿಸಬೇಕಾದದ್ದು ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಿಂದ, ಅಡಿಯಲ್ಲಿ ಅಂಟಿಸಿರುವ ಸೀರಿಯಲ್ ನಂಬರ್ ಹಾಕಿ. ಇಂಟೆಲ್ ಆದರೆ ಇಂಟೆಲ್‌ನ ಪುಟದಲ್ಲೂ ಸಿಗುತ್ತದೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆಯೇ ಬಂದು ಕೂರುವ ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ’ ಎನ್ನುವ ಸಾಫ್ಟ್‌ವೇರ್‌ಗಳನ್ನು ಮುಟ್ಟಲೇಬೇಡಿ. ಇದ್ದ ತೊಂದರೆಗೆ ಇನ್ನೊಂದು ಸೇರಿಸಿಕೊಂಡು ಬಂದವರನ್ನು ಕಂಡು ಕಂಡು ನನಗೆ ಸಾಕಾಗಿದೆ.

ಹೊಸದನ್ನು ಹಾಕುವ ಮೊದಲು ಕೆಟ್ಟದ್ದನ್ನು ತೆಗೆಯಬೇಕು. ಹೆಸರಿನ ಮೇಲೆ ಬಲ ಕ್ಲಿಕ್, ‘ಅನ್‌ಇನ್‌ಸ್ಟಾಲ್ ಡಿವೈಸ್’. ಆಗ ಡ್ರೈವರನ್ನೂ ತೆಗೆದುಹಾಕುವ ಒಂದು ಟಿಕ್ ಗುರುತು ಕೇಳುತ್ತದೆ. ನೀವು ಇಳಿಸಿದ ಫೈಲ್ ಕೈಯಲ್ಲಿದ್ದರೆ ಟಿಕ್ ಹಾಕಿ, ಇಲ್ಲದಿದ್ದರೆ ಹಾಕಬೇಡಿ. ಆಮೇಲೆ ಫೈಲ್ ರನ್ ಮಾಡಿ, ರೀಸ್ಟಾರ್ಟ್ ಮಾಡಿ.

ಸರಿಯಾದ ಮೇಲೆ ಅದೇ ಡ್ರೈವರ್ ಮತ್ತೆ ಬಂದು ಕೂರಬಾರದಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಪಾಝ್ ಅಪ್‌ಡೇಟ್ಸ್’ ಒತ್ತಿ ಐದು ವಾರ ತಡೆಹಿಡಿಯಿರಿ, ಅಷ್ಟರಲ್ಲಿ ಎಷ್ಟೋ ಸಲ ಕಂಪನಿಯವರೇ ಸರಿ ಮಾಡಿರುತ್ತಾರೆ. ಇನ್ನೂ ಭದ್ರ ಬೇಕಾದರೆ ಸರ್ಚ್‌ನಲ್ಲಿ ‘ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್’ ಹುಡುಕಿ, ತಾನಾಗಿ ಇಳಿಸಬೇಕಾ ಎಂಬ ಪ್ರಶ್ನೆಗೆ ‘ನೋ’ ಅನ್ನಿ. ಭದ್ರತೆಯ ಅಪ್‌ಡೇಟನ್ನು ಮಾತ್ರ ವರ್ಷಗಟ್ಟಲೆ ನಿಲ್ಲಿಸಿಡಬೇಡಿ.

ಇಂಟರ್ನೆಟ್ಟಿನಲ್ಲಿ ಎಲ್ಲರೂ ಮೊದಲು ಹೇಳುವ ‘ನೆಟ್‌ವರ್ಕ್ ರೀಸೆಟ್’ ಬಗ್ಗೆ ನಾನು ಇಷ್ಟು ಹೊತ್ತು ಮಾತೆತ್ತಿಲ್ಲ. ಬೇಕೆಂದೇ. ಅದು ಎಲ್ಲ ಅಡಾಪ್ಟರುಗಳನ್ನು ಕಿತ್ತು ಮತ್ತೆ ಹಾಕುತ್ತದೆ. ಆದರೆ ಮತ್ತೆ ಹಾಕುವುದು ಕಂಪ್ಯೂಟರಿನಲ್ಲಿರುವ ಅದೇ ಕೆಟ್ಟ ಡ್ರೈವರನ್ನು. ನಿಮ್ಮಂಥ ಕೇಸಿನಲ್ಲಿ ಅದರಿಂದ ಲಾಭ ಇಲ್ಲ. ಮೇಲಿಂದ ಉಳಿಸಿಟ್ಟ ವೈಫೈ ಪಾಸ್‌ವರ್ಡ್, ವಿಪಿಎನ್, ಶಾಲೆಯ ಪ್ರಿಂಟರಿಗೆಂದು ಯಾರೋ ಹಾಕಿಕೊಟ್ಟ ಐಪಿ ಅಡ್ರೆಸ್ ಎಲ್ಲ ಅಳಿಸಿ ಹೋಗುತ್ತದೆ. ಕಾರ್ಡು ಸರಿ ಇದೆ, ಹಳದಿ ಗುರುತಿಲ್ಲ, ‘ಕನೆಕ್ಟೆಡ್’ ಅಂತಲೂ ಬರುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ ಎನ್ನುವವರಿಗೆ ಅದು ಕೆಲಸಕ್ಕೆ ಬಂದೀತು. ಅವರೂ ಮೊದಲು ಗಡಿಯಾರ ನೋಡಿಕೊಳ್ಳಿ. ತಾರೀಕು ತಪ್ಪಿದ್ದರೂ ಪುಟ ತೆರೆಯುವುದಿಲ್ಲ.

ಅಪ್‌ಡೇಟನ್ನೇ ಕಿತ್ತುಹಾಕುವುದು, ಸಿಸ್ಟಮ್ ರಿಸ್ಟೋರ್, ಬಯಾಸ್ ಮುಟ್ಟುವುದು, ಇವು ಕೊನೆಯ ದಾರಿಗಳು. ಅವುಗಳಿಗೆ ಕೈ ಹಾಕುವ ಮೊದಲು ಒಂದು ಕೆಲಸ ತಪ್ಪದೆ ಮಾಡಿ. ಈಗಿನ ಹೆಚ್ಚಿನ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಎಂಬ ಬೀಗ ನಮಗೆ ಗೊತ್ತಿಲ್ಲದೆಯೇ ಬಿದ್ದಿರುತ್ತದೆ. ಏನಾದರೂ ಬದಲಾಯಿತು ಅನಿಸಿದರೆ ಅದು 48 ಅಂಕಿಯ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಮೊಬೈಲಿನಿಂದಲೇ ನೋಡಿ ಕಾಗದದಲ್ಲಿ ಬರೆದಿಡಿ. ವೈಫೈ ಸರಿ ಮಾಡಲು ಹೋಗಿ ಹತ್ತು ವರ್ಷದ ಫೋಟೋ ಕಳೆದುಕೊಂಡರೆ ಯಾರಿಗೆ ಹೇಳುವುದು? ತಿಂಗಳ ಸಣ್ಣ ಅಪ್‌ಡೇಟ್ ಅಲ್ಲದೆ ವಿಂಡೋಸಿನ ದೊಡ್ಡ ಹೊಸ ಆವೃತ್ತಿಯೇ ಬಂದಿದ್ದರೆ ಹಿಂದಕ್ಕೆ ಹೋಗಲು ಹತ್ತು ದಿನ ಮಾತ್ರ ಸಮಯ. ಸೆಟ್ಟಿಂಗ್ಸ್‌ನ ‘ರಿಕವರಿ’ಯಲ್ಲಿ ‘ಗೋ ಬ್ಯಾಕ್’ ಕಾಣುತ್ತದೆ.

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ, ತಜ್ಞ ಅಂತ ಹೆಸರು ಹಾಕಿಕೊಂಡವನ ಮರ್ಯಾದೆ ಹೋದರೂ ಚಿಂತೆಯಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಲ್ಯಾಪ್‌ಟಾಪಿಗೂ ಅಪ್‌ಡೇಟ್ ಆದ ದಿನವೇ ವೈಫೈ ಹೋಯಿತು. ರೋಲ್ ಬ್ಯಾಕ್ ಮಾಡಿದೆ. ಹೊಸ ಡ್ರೈವರ್ ಹಾಕಿದೆ. ಕೊನೆಗೆ ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಹೊಸ ಕಾರ್ಡೇ ತಂದು ಹಾಕಿದೆ. ಊಹೂಂ. ಆಮೇಲೆ ಮಗ ಬಂದು ಲ್ಯಾಪ್‌ಟಾಪಿನ ಮುಂದಿನ ಅಂಚಿಗೆ ಬೆರಳು ತೋರಿಸಿದ. ಅಲ್ಲೊಂದು ವೈಫೈ ಸ್ವಿಚ್. ಹಿಂದಿನ ದಿನ ಆಯುಧ ಪೂಜೆಗೆಂದು ಲ್ಯಾಪ್‌ಟಾಪ್ ಒರೆಸಿ ಕುಂಕುಮ ಇಟ್ಟವನು ನಾನೇ. ಒರೆಸುವಾಗ ಸ್ವಿಚ್ ಜಾರಿತ್ತು, ಅಪ್‌ಡೇಟಿಗೆ ಸುಮ್ನೆ ಬೈಗುಳ. ಈಗಿನವಕ್ಕೆ ಅಂಥ ಸ್ವಿಚ್ ಇರುವುದಿಲ್ಲ, ಮೇಲಿನ ಸಾಲಿನ ಕೀಗಳಲ್ಲಿ ವಿಮಾನದ ಚಿತ್ರ ಇರುತ್ತದೆ. ನಿಮಗೆ ಕೋಡ್ 10 ಇರುವುದರಿಂದ ಇದು ನಿಮ್ಮ ತೊಂದರೆ ಅಲ್ಲ. ಆದರೆ ಹಳದಿ ಗುರುತಿಲ್ಲದೆ ವೈಫೈ ಹೋದವರು ಮೊದಲು ಅದನ್ನು ನೋಡಲಿ.

ಅಂಥವರದ್ದೇ ಇನ್ನೊಂದು ವಿಚಿತ್ರ ಕೇಸು ಇದೆ. ಅಪ್‌ಡೇಟ್ ಆದ ಮೇಲೆ ಪಕ್ಕದ ಮನೆಯ ವೈಫೈ ಕಾಣುತ್ತದೆ, ತಮ್ಮದು ಕಾಣುವುದಿಲ್ಲ. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ನಮ್ಮ ದೇಶದಲ್ಲಿ 1ರಿಂದ 13ರ ತನಕ ಚಾನೆಲ್ ಬಳಸಬಹುದು, ಅಮೆರಿಕದಲ್ಲಿ ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತದೆ. ಹೊಸ ಡ್ರೈವರ್ ಅಮೆರಿಕದ ನಿಯಮ ಹಿಡಿದು ಕೂತರೆ 12, 13ರಲ್ಲಿರುವ ರೌಟರ್ ಅದಕ್ಕೆ ಕಾಣುವುದೇ ಇಲ್ಲ. ರೌಟರಿನ ಸೆಟ್ಟಿಂಗಿನಲ್ಲಿ ಚಾನೆಲನ್ನು 1, 6, 11 ಇವುಗಳಲ್ಲಿ ಒಂದಕ್ಕೆ ಇಟ್ಟರೆ ಮುಗಿಯಿತು. ಇನ್ನು ಕೆಂಪು ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಚಾವಡಿಯಿಂದ ಅಡುಗೆಮನೆಗೆ ಮುಟ್ಟುವುದೇ ಕಷ್ಟ. ಅದು ಅಪ್‌ಡೇಟಿನ ತಪ್ಪಲ್ಲ. ಅನುಮಾನ ಇದ್ದರೆ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪಿನ ಪಕ್ಕದಲ್ಲೇ ಇಡಿ. ಅದು ಕಂಡರೆ ಕಾರ್ಡು ಸರಿ ಇದೆ.

ಕೆಲವೊಮ್ಮೆ ನಿಜಕ್ಕೂ ಮೈಕ್ರೋಸಾಫ್ಟ್‌ನದ್ದೇ ತಪ್ಪು. 2023ರ ಡಿಸೆಂಬರಿನಲ್ಲಿ ವಿಂಡೋಸ್ 11ರ ಅಪ್‌ಡೇಟ್ ಹಾಕಿಕೊಂಡ ಕೆಲವರಿಗೆ ಕಾಲೇಜು ಮತ್ತು ಆಫೀಸಿನ ವೈಫೈ ಸಿಗುವುದು ನಿಂತಿತು, ಮನೆಯದು ಹೆಚ್ಚಾಗಿ ಸರಿಯಾಗಿಯೇ ಇತ್ತು. ಕಂಪನಿ ಅದನ್ನು ಒಪ್ಪಿಕೊಂಡು ಕೆಲವೇ ದಿನಗಳಲ್ಲಿ ಸರಿ ಮಾಡಿತು. ಮಣಿಪಾಲ, ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಇರುವ ಮಕ್ಕಳು ಇದನ್ನು ನೆನಪಿಡಿ: ಕ್ಯಾಂಪಸ್ಸಿನಲ್ಲಿ ಮಾತ್ರ ವೈಫೈ ಹೋಗಿ ಹಾಟ್‌ಸ್ಪಾಟ್ ಸಿಗುತ್ತಿದ್ದರೆ ಲ್ಯಾಪ್‌ಟಾಪ್ ಬಿಚ್ಚಬೇಡಿ. ವಿಂಡೋಸ್ ಬದಲು ಉಬುಂಟು ಹಾಕಿಕೊಂಡವರಿಗೆ ಕರ್ನಲ್, ಅಂದರೆ ಸಿಸ್ಟಮಿನ ತಿರುಳು, ಅಪ್‌ಡೇಟ್ ಆದ ಮೇಲೆ ವೈಫೈ ಹೋದರೆ, ಆನ್ ಆಗುವಾಗ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಿಂದ ಹಿಂದಿನ ಕರ್ನಲ್ ಆರಿಸಿ ನೋಡಿ. ಅದರಲ್ಲಿ ವೈಫೈ ಬಂದರೆ ಹೊಸ ಕರ್ನಲಿಗೆ ಡ್ರೈವರ್ ಕಟ್ಟಿಲ್ಲ ಅಂತ ಅರ್ಥ. ಬ್ರಾಡ್‌ಕಾಮ್ ಮತ್ತು ಕೆಲವು ರಿಯಲ್‌ಟೆಕ್ ಕಾರ್ಡಿನಲ್ಲಿ ಇದು ಹಳೆಯ ಕಾಯಿಲೆ. ಸೆಕ್ಯೂರ್ ಬೂಟ್ ಎಂಬ ಬಯಾಸಿನ ಕಾವಲು ಆನ್ ಇದ್ದರೆ ಅದೂ ಅಡ್ಡ ಬರಬಹುದು.

ಟೀಚರ್, ನಿಮ್ಮ ವಿಷಯಕ್ಕೆ ವಾಪಸ್. ಇಷ್ಟೂ ಮಾಡಿಯೂ ಕೋಡ್ 10 ಹೋಗದಿದ್ದರೆ ಆಗ ಮಾತ್ರ ಲ್ಯಾಪ್‌ಟಾಪ್ ಬಿಚ್ಚುವ ಮಾತು. ಆಗಲೂ ಮದರ್‌ಬೋರ್ಡಲ್ಲ, ಮೊದಲು ಕಾರ್ಡು. ಹೆಚ್ಚಿನ ಲ್ಯಾಪ್‌ಟಾಪಿನಲ್ಲಿ ವೈಫೈ ಕಾರ್ಡು ಬೆರಳಿನ ತುದಿಯಷ್ಟು ಅಗಲದ, ಒಂದೇ ಸ್ಕ್ರೂ ಹಾಕಿದ, ಎರಡು ತೆಳು ಆಂಟೆನಾ ವೈರ್ ಸಿಕ್ಕಿಸಿದ ತುಂಡು. ನಮ್ಮಲ್ಲಿ ಉಪ್ಪಿನ ಗಾಳಿ, ಮಳೆಗಾಲದ ತೇವ. ನಾಲ್ಕು ವರ್ಷದಲ್ಲಿ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಿಲುಬು ಕೂರುವುದುಂಟು. ಬ್ಯಾಟರಿಯ ಕನೆಕ್ಟರ್ ತೆಗೆದು, ಕಾರ್ಡು ಬಿಚ್ಚಿ, ಹಲ್ಲುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಮತ್ತೆ ಹಾಕಿದರೆ ಎದ್ದು ಕೂತ ಕಾರ್ಡುಗಳನ್ನು ನೋಡಿದ್ದೇನೆ. ನೀವೇ ಮಾಡಬೇಡಿ, ಆಂಟೆನಾದ ಬಟನ್ ಬಹಳ ನಾಜೂಕು. ಆದರೆ ಅಂಗಡಿಯಲ್ಲಿ ನಿಮ್ಮ ಮುಂದೆಯೇ ಮಾಡಿಸಬಹುದು, ಹತ್ತು ನಿಮಿಷದ ಕೆಲಸ.

ಕಾರ್ಡು ಬದಲಿಸಲೇಬೇಕಾದರೆ ಒಂದು ವಿಷಯ ಅಂಗಡಿಯವರಿಗೂ ಕೆಲವೊಮ್ಮೆ ಗೊತ್ತಿರುವುದಿಲ್ಲ. ಇಂಟೆಲ್‌ನ ಎಎಕ್ಸ್201, ಎಎಕ್ಸ್211 ಎಂಬ ಕಾರ್ಡುಗಳು ಅವಕ್ಕೆ ಹೊಂದುವ ಇಂಟೆಲ್ ಪ್ರೊಸೆಸರ್ ಇರುವ ಬೋರ್ಡಿನಲ್ಲಿ ಮಾತ್ರ ನಡೆಯುತ್ತವೆ. ಎಎಕ್ಸ್200, ಎಎಕ್ಸ್210 ಸಾಮಾನ್ಯ ಕಾರ್ಡುಗಳು, ಎಎಂಡಿ ಕಂಪನಿಯ ಪ್ರೊಸೆಸರ್ ಇರುವ ಬೋರ್ಡಿನಲ್ಲೂ ನಡೆಯುತ್ತವೆ. ನೋಡಲು ಎಲ್ಲ ಒಂದೇ ಥರ. ಹೆಸರಿನಲ್ಲಿ ಒಂದು ಅಂಕಿ ತಪ್ಪಿದರೂ ಹೊಸ ಕಾರ್ಡೂ ‘ಗೈರುಹಾಜರು’. ಕೆಲವು ತೆಳು ಲ್ಯಾಪ್‌ಟಾಪಿನಲ್ಲಿ ಕಾರ್ಡನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಂಗಡಿಯವರು ಮದರ್‌ಬೋರ್ಡ್ ಅಂದದ್ದು ಅದೇ ಅರ್ಥದಲ್ಲಿ ಇರಬಹುದು, ಕೇಳಿ ನೋಡಿ. ಹಾಗಿದ್ದರೂ ಎಂಟು ಸಾವಿರ ಕೊಡಬೇಕಾಗಿಲ್ಲ. ಐನೂರರಿಂದ ಸಾವಿರದೊಳಗೆ ಯುಎಸ್‌ಬಿ ವೈಫೈ ಡಾಂಗಲ್ ಸಿಗುತ್ತದೆ. 2.4 ಮತ್ತು 5 ಎರಡೂ ಹಿಡಿಯುವುದನ್ನು ತೆಗೆದುಕೊಳ್ಳಿ. ಡಾಂಗಲ್ ಅಂದರೆ ಏನೋ ಜುಗಾಡ್ ಅಂತ ಮುಖ ಸಿಂಡರಿಸುವವರಿದ್ದಾರೆ. ಹಾಜರಿ, ಮಾರ್ಕ್ಸ್, ಆನ್‌ಲೈನ್ ಮೀಟಿಂಗಿಗೆ ಅದು ಧಾರಾಳ ಸಾಕು.

ಭಾನುವಾರ ಮೊದಲು ನಲವತ್ತು ಎಣಿಸುವ ಕೆಲಸ ಮಾಡಿ, ಆಮೇಲೆ ‘ಲೆಟ್ ಮಿ ಪಿಕ್’ ಪಟ್ಟಿ ನೋಡಿ. ಆಗದಿದ್ದರೆ ಆ ಪಟ್ಟಿಯಲ್ಲಿ ಎಷ್ಟು ಸಾಲು ಕಂಡವು, ವಿ-ಇ-ಎನ್ ಮುಂದೆ ಏನಿದೆ, ಇವೆರಡನ್ನು ಬರೆದು ಕಳಿಸಿ. ಯಾವ ಡ್ರೈವರ್ ಇಳಿಸಬೇಕು ಎಂದು ಹೇಳುತ್ತೇನೆ.